ಒಂದೇ ಭಾನುವಾರದಲ್ಲಿ ನಾಯಿ ತಿದ್ದುವ ಕ್ರಮ

ನಾಯಿಗಳ ಆಶ್ರಯತಾಣವೊಂದರಲ್ಲಿ ಸ್ವಯಂಸೇವೆಗೆ ಹೆಸರು ಕೊಟ್ಟಿದ್ದೀರಿ. ಸಂತೋಷ. ದತ್ತು ಹೋಗುವ ಮೊದಲು ನಾಯಿಗೆ ನಾಲ್ಕು ಒಳ್ಳೆಯ ಅಭ್ಯಾಸ ಕಲಿಸುವುದು ನಿಮ್ಮ ಪಾಲಿನ ಕೆಲಸ. ಇದಕ್ಕೆ ವಾರಗಟ್ಟಲೆ ತಾಳ್ಮೆ ಬೇಕು ಎನ್ನುವವರು ಸಿಗುತ್ತಾರೆ. ಪಾಪ, ಅವರಿಗೆ ಬೇರೆ ಕೆಲಸವಿಲ್ಲ. ನೀವು ಭಾನುವಾರ ಹನ್ನೊಂದಕ್ಕೆ ಹೋಗಿ, ಊಟದ ಹೊತ್ತಿಗೆ ಮನೆ ಸೇರಿ.

ಮೊದಲು ನಾಯಿ ಆರಿಸಿ. ಗೋಡೆಗೆ ಒತ್ತಿಕೊಂಡು ಕೂತ ಕಂತ್ರಿ ನಾಯಿಯೇ ಇರಲಿ. ಬೀದಿಯಿಂದ ಬಂದು ಎರಡೇ ದಿನವಾಗಿದ್ದರೆ ಇನ್ನೂ ಒಳ್ಳೆಯದು: ಅದು ಸರಿಯಾಗಿ ತಿಂದಿರುವುದಿಲ್ಲ, ನಿದ್ದೆ ಮಾಡಿರುವುದಿಲ್ಲ, ಪಾಠಕ್ಕೆ ಪ್ರಶಸ್ತ ಸಮಯ. ನೇರ ಎದುರಿಗೆ ಹೋಗಿ, ಮೇಲಿಂದ ಬಾಗಿ, ಕಣ್ಣಲ್ಲಿ ಕಣ್ಣಿಟ್ಟು ನೆತ್ತಿ ತಟ್ಟಿ. ಆಕಳಿಸಿದರೆ ನಿದ್ದೆ ಬಂದಿದೆ, ತುಟಿ ನೆಕ್ಕಿದರೆ ಹಸಿದಿದೆ, ಮುಖ ತಿರುಗಿಸಿದರೆ ಕೊಬ್ಬು ಎಂದು ತಿಳಿಯಿರಿ. ಹೆದರಿಕೆಯ ಮಾತನ್ನು ಯಾರಾದರೂ ಎತ್ತಿದರೆ ಕೇಳಿಸದವರಂತಿರಿ.

ಈಗ 'ಸಿಟ್' ಎನ್ನಿ. ಕೂರದಿದ್ದರೆ ಏರುದನಿಯಲ್ಲಿ ಮತ್ತೆ ಮತ್ತೆ ಎನ್ನಿ. ನಾಯಿಗೆ ಇಂಗ್ಲಿಷ್ ಹುಟ್ಟುತ್ತಲೇ ಬರುತ್ತದೆಂಬುದು ನಮ್ಮ ನಾಡಿನ ಹಳೆಯ ನಂಬಿಕೆ. ಅನ್ನ ಹಾಕುವ ಅಕ್ಕ 'ಕೂತ್ಕೊಳೋ' ಎನ್ನಲಿ, ಕಾವಲಿನವನು 'ಬೈಠ್' ಎನ್ನಲಿ; ತ್ರಿಭಾಷಾ ಸೂತ್ರ ಮಕ್ಕಳಿಗೆ ಮಾತ್ರವೇ?

ಬೇಯಿಸಿದ ಕೋಳಿ ಲಿವರ್ ಜೊತೆಗಿರಲಿ. ಕೂತ ಒಂದೆರಡು ಸೆಕೆಂಡಿನಲ್ಲಿ ತುಂಡು ಬಾಯಿಗೆ ಬಿದ್ದರೆ, ಕೂತದ್ದಕ್ಕೇ ಸಿಕ್ಕಿತೆಂದು ನಾಯಿಗೆ ಗೊತ್ತಾಗುತ್ತದಂತೆ. ನೀವು ಮಾತ್ರ ಇಲ್ಲಿ ನಿಧಾನಿಸಿ. ಜೇಬಿನಿಂದ ಮೊದಲು ಬೀಗದಕೈ, ಆಮೇಲೆ ಮೊಬೈಲು, ಕೊನೆಗೆ ಪೊಟ್ಟಣ ತೆಗೆಯಿರಿ. ಅಷ್ಟರಲ್ಲಿ ನಾಯಿ ಎದ್ದು ನಿಮ್ಮ ಎದೆಗೆ ಹಾರಿರುತ್ತದೆ, ಆಗ ಕೊಡಿ. ಹಾರಿದರೆ ಲಿವರ್ ಎಂಬ ನಿಯಮವನ್ನು ಅದು ಎಷ್ಟು ಬೇಗ ಕಲಿಯುತ್ತದೆಂದರೆ, ನಿಮ್ಮ ಬೋಧನೆಯ ಬಗ್ಗೆ ನಿಮಗೇ ಹೆಮ್ಮೆಯಾದೀತು.

ಇನ್ನು ಬೊಗಳುವ ವಿದ್ಯೆ. ಇದಕ್ಕೆ ಕೊಂಚ ನಾಜೂಕು ಬೇಕು, ಗಮನವಿಟ್ಟು ಓದಿ. ನಾಯಿ ಬಾಗಿಲಿಗೆ ಬಂದು ಬೊಗಳಿದ ಕೂಡಲೇ ಬಿಸ್ಕತ್ತು ಎಸೆಯುವವರು ಹೊಸಬರು. ನೀವು ಮೊದಲು ಬೆನ್ನು ತಿರುಗಿಸಿ ನಿಲ್ಲಿ. ಇಷ್ಟು ದಿನ ಫಲ ಕೊಟ್ಟ ಬೊಗಳು ಈಗ ಕೊಡದಿದ್ದರೆ ನಾಯಿ ತಕ್ಷಣ ಬಿಡುವುದಿಲ್ಲ. ಬಿಡುವ ಮೊದಲು ಒಮ್ಮೆ ದನಿ ದುಪ್ಪಟ್ಟು ಮಾಡುತ್ತದೆ, ಸರಳು ಕೆರೆಯುತ್ತದೆ. ಆ ಗದ್ದಲ ದಾಟಿ ಕಾದವನಿಗೆ ಮೌನ ಸಿಗುತ್ತದೆ. ಆದ್ದರಿಂದ ದಾಟಬೇಡಿ. ಕಿವಿ ಹರಿಯುವಷ್ಟು ಜೋರಾದ ಆ ಕ್ಷಣದಲ್ಲೇ 'ತಗೋ ಮಾರಾಯ' ಎಂದು ಎಸೆಯಿರಿ. ಮುಂದಿನ ಸಲ ಅದು ಅಷ್ಟು ಜೋರಿನಿಂದಲೇ ಶುರು ಮಾಡುತ್ತದೆ. ಒಮ್ಮೆ ಕೊಟ್ಟು, ಎರಡು ಸಲ ತಪ್ಪಿಸಿ, ಮತ್ತೆ ಕೊಡುತ್ತಿದ್ದರಂತೂ ಕೆಲಸ ಶಾಶ್ವತ. ಲಾಟರಿ ಚಟ ಗಟ್ಟಿಯಾಗುವುದೂ ಹೀಗೆಯೇ.

ಬಗ್ಗದಿದ್ದರೆ ನೀವೇ ಗುಂಪಿನ ನಾಯಕ ಎಂದು ತೋರಿಸಿ. ನೆಲಕ್ಕೆ ಮಗುಚಿ ಒತ್ತಿ ಹಿಡಿಯಿರಿ. ಯಾರಾದರೂ ಆಧಾರ ಕೇಳಿದರೆ, 1947ರಲ್ಲಿ ರುಡಾಲ್ಫ್ ಶೆಂಕೆಲ್ ಸೆರೆಯ ತೋಳಗಳನ್ನು ನೋಡಿ ಗುಂಪಿನ ನಾಯಕತ್ವದ ಪೈಪೋಟಿಯ ಬಗ್ಗೆ ಬರೆದದ್ದನ್ನೂ, ಡೇವಿಡ್ ಮೀಚ್ 1970ರ ತಮ್ಮ ಪುಸ್ತಕದಲ್ಲಿ ಆ ವಿಚಾರವನ್ನು ಊರಿಗೆಲ್ಲ ಹರಡಿದ್ದನ್ನೂ ಹೇಳಿ. ಕಾಡಿನ ತೋಳದ ಗುಂಪೆಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳ ಸಂಸಾರ ಎಂದು ಅದೇ ಮೀಚ್ 1999ರಲ್ಲಿ ಬರೆದದ್ದನ್ನು ಹೇಳಬೇಡಿ. ಹೇಳಿದರೆ ಮಗುಚುವ ಕೈ ಸಡಿಲವಾಗುತ್ತದೆ.

ಒತ್ತಿ ಹಿಡಿದಾಗ ಅದು ಗುರ್ ಎನ್ನುತ್ತದೆ. ಮೂತಿಗೆ ಎರಡು ಬಿಡಿ. ಹೀಗೆ ನಾಲ್ಕಾರು ಸಲ ಮಾಡಿದರೆ ಗುರ್ ಎನ್ನುವುದನ್ನು ಬಿಟ್ಟು, ಮುನ್ಸೂಚನೆಯಿಲ್ಲದೆ ನೇರವಾಗಿ ಕಚ್ಚುವುದನ್ನು ಕಲಿಯುತ್ತದೆ. ಹೊರಗಿನವರಿಗೆ ಇದು ಬಹಳ ಶಾಂತ ಸ್ವಭಾವದ ನಾಯಿಯಂತೆ ಕಾಣುತ್ತದೆ. ಫೋಟೋ ತೆಗೆದು ಹಾಕಲು ಇದೇ ಸಕಾಲ.

ದತ್ತು ಪಡೆಯುವವರು ಬಂದಾಗ ಪ್ರಶ್ನೆ ಕೇಳಬೇಡಿ. ಮನೆಯಲ್ಲಿ ಹಗಲು ಯಾರಿರುತ್ತಾರೆ, ಚಿಕ್ಕ ಮಕ್ಕಳಿದ್ದಾರೆಯೇ ಎಂಬುದೆಲ್ಲ ಅವರ ಖಾಸಗಿ ವಿಷಯ. 'ತುಂಬಾ ಸಾಧು' ಎಂದಷ್ಟೇ ಹೇಳಿ. ಸಾಧ್ಯವಾದರೆ ದೀಪಾವಳಿಯ ಹಿಂದಿನ ದಿನ ಕಳಿಸಿ. ಮನುಷ್ಯನ ಕಿವಿ 20,000 ಹರ್ಟ್ಸ್‌ಗೆ ಸುಸ್ತಾದರೆ ನಾಯಿಯ ಕಿವಿ 40,000 ದಾಟಿಯೂ ಕೇಳುತ್ತದೆ, ಹಬ್ಬದ ಸದ್ದಿನಲ್ಲಿ ಅದಕ್ಕೇ ಹೆಚ್ಚು ಪಾಲು.

ವಾಪಸು ತಂದುಬಿಟ್ಟರೆ ಗಾಬರಿ ಬೇಡ. ನಾಯಿಬಾಲದ ಗಾದೆ ಹೇಳಿ, ಬಂದವರಿಗೆ ಕಾಫಿ ಕೊಟ್ಟು ಕಳಿಸಿ. ನಾಯಿಯನ್ನು ಕೊನೆಯ ಗೂಡಿಗೆ ಬಿಡಿ. ರಿಜಿಸ್ಟರಿನಲ್ಲಿ ಕಾರಣದ ಕಾಲಮ್ಮಿಗೆ 'ಹಠಮಾರಿ' ಎಂದು ಬರೆಯಿರಿ. ಪಕ್ಕದಲ್ಲಿ ತರಬೇತಿ ಕೊಟ್ಟವರ ಹೆಸರಿಗೂ ಒಂದು ಕಾಲಮ್ಮು ಇರುತ್ತದೆ. ಅದನ್ನು ಖಾಲಿ ಬಿಡಿ.