ಮೂಡುಗಾಳಿಯ ಕಾರುಬಾರು

ಸಮುದ್ರದ ಬದಿಯಲ್ಲೇ ಮನೆ ಇಟ್ಟುಕೊಂಡವರ ತುಟಿ ಒಡೆಯುವುದುಂಟಾ ಮಾರಾಯ್ರೇ? ಕಟಪಾಡಿಯಲ್ಲಿ ಉಂಟು. ಪೇಟೆಯಿಂದ ಮಟ್ಟು ಕಡಲತೀರಕ್ಕೆ ಸೈಕಲ್ಲಲ್ಲೇ ಹೋಗಿಬರಬಹುದು, ಆದರೂ ಜನವರಿ ಬಂದರೆ ಮೈಯೆಲ್ಲ ಬಿರಿಬಿರಿ. ಜುಲೈಯಲ್ಲಿ ಉಬ್ಬಿ ನಿಂತು, ಹೆಗಲು ಕೊಟ್ಟು ನೂಕಿದರೂ ಮುಚ್ಚದ ನಮ್ಮ ಹಿತ್ತಲ ಬಾಗಿಲು ಈಗ ಸುಮ್ಮನೆ ಗಾಳಿಗೇ ಪಟಾರ್ ಅಂತ ಬಡಿದುಕೊಳ್ಳುತ್ತದೆ.

ಎಲ್ಲ ಮೂಡುಗಾಳಿಯ ಕಾರುಬಾರು. ಮಳೆಗಾಲದಲ್ಲಿ ಅರಬ್ಬಿ ಸಮುದ್ರದ ನೀರು ಕುಡಿದು ಬಂದ ಗಾಳಿ ಘಟ್ಟ ಹತ್ತುತ್ತ ತಣಿದು ಸುರಿಯುವುದು ಗೊತ್ತಿದ್ದದ್ದೇ. ದೀಪಾವಳಿ ಕಳೆದ ಮೇಲೆ ಅದು ತಿರುಗಿಬಿಡುತ್ತದೆ. ಒಳನಾಡಿನ ಒಣ ನೆಲದ ಮೇಲೆ ಹಾದ ಗಾಳಿ ಘಟ್ಟ ಇಳಿದು ನಮ್ಮ ಕಡೆ ಬರುತ್ತದೆ. ಇಲ್ಲೊಂದು ತಮಾಷೆ ನೋಡಿ. ಕೆಳಗಿಳಿದಷ್ಟೂ ಒತ್ತಡಕ್ಕೆ ಸಿಕ್ಕಿ ಗಾಳಿ ಬಿಸಿಯಾಗುತ್ತದೆ, ಸಾವಿರ ಮೀಟರಿಗೆ ಹತ್ತಿರಹತ್ತಿರ 10 ಡಿಗ್ರಿ. ಆಗುಂಬೆ ಇರುವುದು ಸುಮಾರು 640 ಮೀಟರ್ ಎತ್ತರದಲ್ಲಿ. ಅಲ್ಲಿ ತಣ್ಣಗೆ ಹೊರಟದ್ದು ಸೋಮೇಶ್ವರ, ಹೆಬ್ರಿ ದಾಟಿ ನಮ್ಮಂಗಳಕ್ಕೆ ಕಾಲಿಡುವಾಗ ಆರು ಡಿಗ್ರಿ ಬಡ್ಡಿ ಕಟ್ಟಿಕೊಂಡೇ ಬಂದಿರುತ್ತದೆ!

ಸಾಲದ್ದಕ್ಕೆ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬರಬೇಕಾದ ಕಡಲಗಾಳಿಯನ್ನು ಇದು ದಡದಲ್ಲೇ ತಡೆದು ನಿಲ್ಲಿಸುತ್ತದೆ. ಒಂದೊಂದು ದಿನ ಮಧ್ಯಾಹ್ನದ ಊಟ ಮುಗಿದರೂ ಅದರ ಪತ್ತೆ ಇಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಕಾರವಾರ, ಹೊನ್ನಾವರ, ಪಣಂಬೂರಿನ ಹೆಸರು ದೇಶದ ಅತಿ ಬಿಸಿ ಊರುಗಳ ಸಾಲಲ್ಲಿ ಬರುವುದು ಸುಮ್ಮನೆ ಅಲ್ಲ. ಬಿಸಿಗಾಳಿ ಅಂತ ಘೋಷಿಸಲು ಬಯಲಿನ ಊರಿಗೆ ಕನಿಷ್ಠ 40 ಡಿಗ್ರಿ ಆಗಬೇಕು, ಕರಾವಳಿಗೆ 37 ಸಾಕು. ಕಲಬುರಗಿಯ ನೆಂಟರು ಕೇಳಿದರೆ ನಕ್ಕಾರು, ನಗಲಿ ಬಿಡಿ. ನಮಗೂ ಒಂದು ರಿಯಾಯಿತಿ ಬೇಡವಾ?

ನಮ್ಮ ದೊಡ್ಡಮ್ಮನಿಗೆ ಮಾತ್ರ ಈ ಗಾಳಿ ಅಂದರೆ ಪಂಚಪ್ರಾಣ. ರೇಡಿಯೋದ ಹವಾಮಾನ ವರದಿಗೆ ಅವರು ಕಿವಿಗೊಟ್ಟವರಲ್ಲ. ಬಾವಿಕಟ್ಟೆಯ ಹತ್ತಿರ ನಿಂತು, ತೆಂಗಿನ ಗರಿಯ ತುದಿ ಪಡುವಣಕ್ಕೆ ತಿರುಗಿದೆಯಾ ಅಂತ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದರು. ತಿರುಗಿದ್ದರೆ ಅವತ್ತೇ ಕಾಯಿ ಒಡೆಸಿ ಅಂಗಳದಲ್ಲಿ ಹರಡಿಸುವುದು. ಗೆರಟೆ ಬಿಟ್ಟ ಕೊಬ್ಬರಿ ಕೈಯಲ್ಲಿ ಅಲ್ಲಾಡಿಸಿದರೆ ಟಕಟಕ ಸದ್ದು, ಅಷ್ಟು ಒಣಗಬೇಕು. ಕಾಗೆ ಓಡಿಸಲು ಕೋಲು ಕೊಟ್ಟು ಮಕ್ಕಳನ್ನು ಕೂರಿಸುತ್ತಿದ್ದರು. ಅರೆ ಒಣಗಿದ ಹೋಳಿಗೆ ಬೆಲ್ಲ ಸೇರಿಸಿ ಕಾಗೆಗಿಂತ ಹೆಚ್ಚು ಮುಗಿಸಿದವರು ಯಾರು ಅಂತ ಕೇಳಬೇಡಿ!

ಎಲ್ಲಿದ್ದೆ? ಹಾಂ, ಗಾಳಿ. ಅದರ ಲೆಕ್ಕ ನೋಡಬೇಕಾದರೆ ಶಂಕರಪುರಕ್ಕೇ ಹೋಗಬೇಕು. ಚಳಿಗೆ ಅಲ್ಲಿನ ಮಲ್ಲಿಗೆ ಗಿಡ ಮುನಿಸಿಕೊಂಡು ಮೊಗ್ಗು ಕಮ್ಮಿ ಬಿಡುತ್ತದೆ, ಅದೇ ಹೊತ್ತಿಗೆ ಮದುವೆ, ಕೋಲ, ನೇಮ ಅಂತ ಸಾಲುಸಾಲು. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ದರ ಕೇಳಿ ಮದುಮಗಳ ಅಪ್ಪನಿಗೆ ಚಳಿಯಲ್ಲೂ ಬೆವರು. ಬೇಸಗೆಯಲ್ಲಿ ಸೆಕೆ ಏರಿತೋ, ಹೂವೂ ಏರಿತು, ದರ ಇಳಿಯಿತು. ನಮಗೆ ಹಿತವಾದ ಹವೆ ಮಲ್ಲಿಗೆಗೆ ಆಗದು, ಮಲ್ಲಿಗೆಗೆ ಹಿತವಾದದ್ದು ನಮಗೆ ಆಗದು, ಎಂತ ಮಾಡುವುದು?

ಇದರ ನಡುವೆ ಬಂಗಾಳ ಕೊಲ್ಲಿಯಲ್ಲಿ ಎಲ್ಲೋ ವಾಯುಭಾರ ಕುಸಿದರೆ ಇಲ್ಲಿ ಆಕಾಶಕ್ಕೆ ಮೋಡದ ಮುಸುಕು. ಕಾರ್ಕಳದ ಕಡೆ ಗೇರು, ಮಾವು ಹೂಬಿಟ್ಟ ತೋಟದವರಿಗೆ ಆ ಮೋಡ ಕಂಡರೆ ಆಗದು, ಹೂ ಉದುರಿದರೆ ಮಾವಿನ ಮಿಡಿ ಎಲ್ಲಿಂದ? ಅಷ್ಟು ದೂರದ ಕಡಲಿಗೂ ನಮ್ಮ ಉಪ್ಪಿನಕಾಯಿ ಭರಣಿಗೂ ಎಂತ ಸಂಬಂಧ ಅಂತ ಕೇಳಿದರೆ, ಉಂಟಲ್ವಾ?

ಅಂದ ಹಾಗೆ, ನಿಮ್ಮಲ್ಲಿ ಕಾಯಿ ಒಡೆಸುವುದು ಇದ್ದರೆ ಈ ವಾರವೇ ಒಡೆಸಿ. ಆಮೇಲೆ ಮೋಡ ಕವಿದು ಕೊಬ್ಬರಿಗೆ ಬೂಷ್ಟು ಹಿಡಿದರೆ, ಬೇಲಿ ಆಚೆಯವರು ಹೇಳಲೇ ಇಲ್ಲ ಅನ್ನಬೇಡಿ ಮತ್ತೆ.