ರೋಮ್ ದರ್ಶನದಲ್ಲಿ ಅಂಗನ್ಯಾಸ: ಒಂದು ಶಾಸ್ತ್ರೀಯ ವಿವೇಚನೆ

ರೋಮ್ ನಗರವನ್ನು ನೋಡುವುದು ಕೇವಲ ಕಣ್ಣಿನ ಕೆಲಸವೆಂಬ ಭ್ರಮೆ ಪ್ರವಾಸ ಸಾಹಿತ್ಯದಲ್ಲಿ ಬಹುಕಾಲದಿಂದ ಬೇರೂರಿದ್ದು, ಇದರಿಂದ ಬೆನ್ನು, ಕೈ, ಕತ್ತು, ಮೊಣಕಾಲುಗಳಿಗೆ ಆಗಿರುವ ಅನ್ಯಾಯವನ್ನು ಸರಿಪಡಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ. ಪೂಜೆಗೆ ಕುಳಿತವನು ಮಂತ್ರ ಹೇಳುತ್ತ ಹೃದಯ, ಶಿರಸ್ಸು, ಶಿಖೆ, ನೇತ್ರಗಳನ್ನು ಕ್ರಮವಾಗಿ ಮುಟ್ಟಿಕೊಂಡು ಒಂದೊಂದು ಅಂಗದಲ್ಲಿ ಒಂದೊಂದು ಶಕ್ತಿಯನ್ನು ನೆಲೆಗೊಳಿಸುವ ಕ್ರಿಯೆಗೆ ಅಂಗನ್ಯಾಸವೆಂದು ಹೆಸರು. ರೋಮಿಗೆ ಬಂದ ಪ್ರವಾಸಿ ಮಾಡುವುದೂ ಇದನ್ನೇ. ಆದರೆ ಅವನ ಒಂದೊಂದು ಅಂಗವೂ ಊರಿನ ಒಂದೊಂದು ಮೂಲೆಯಲ್ಲಿರುವ ಕಲ್ಲಿಗೋ ಕಂಚಿಗೋ ನೀರಿಗೋ ಒಪ್ಪಿಸಲ್ಪಡಬೇಕಾದ್ದರಿಂದ, ಪೂಜೆಯಲ್ಲಿ ಅರೆನಿಮಿಷಕ್ಕೆ ಮುಗಿಯುವ ವಿಧಿಗೆ ಇಲ್ಲಿ ಮೂರು ದಿನ ಮತ್ತು ಒಂದು ಜೊತೆ ಬೂಟು ಖರ್ಚಾಗುತ್ತವೆ. ಈ ಕರ್ಮದಲ್ಲಿ ಯಜಮಾನನೆಂದರೆ ದುಡ್ಡು ಕಟ್ಟಿ ಬಂದ ಪ್ರವಾಸಿ, ಪುರೋಹಿತನೆಂದರೆ ಮಡಿಸಿದ ಕೊಡೆಯನ್ನು ಎತ್ತಿ ಹಿಡಿದು ಮುಂದೆ ನಡೆಯುವ ಗೈಡು, ಸಾಕ್ಷಿಯೆಂದರೆ ಮೊಬೈಲು. ಸಾಕ್ಷಿಯಿಲ್ಲದೆ ಮಾಡಿದ ನ್ಯಾಸಕ್ಕೆ ಫಲವಿಲ್ಲವೆಂಬ ವಿಷಯದಲ್ಲಿ ಎಲ್ಲ ಪಂಥಗಳಿಗೂ ಸಹಮತವಿದೆ.

ನ್ಯಾಸಗಳಲ್ಲಿ ಅಗ್ರಗಣ್ಯವಾದುದು ಟ್ರೆವಿ ಕಾರಂಜಿಯಲ್ಲಿ ನಡೆಯುವ ಪೃಷ್ಠನ್ಯಾಸ. (ಪೃಷ್ಠವೆಂದರೆ ಇಲ್ಲಿ ಬೆನ್ನು, ಬಳಕೆಯ ಅರ್ಥಕ್ಕೆ ಸಂಬಂಧಿಸಿದ ಅಂಗವನ್ನು ಮುಂದೆ ಆಸನಪ್ರಕರಣದಲ್ಲಿ ಚರ್ಚಿಸಲಾಗುವುದು.) ಕ್ರಿಸ್ತಪೂರ್ವ 19ರಲ್ಲಿ ಅಗ್ರಿಪ್ಪ ಕಟ್ಟಿಸಿದ ಮೇಲ್ಗಾಲುವೆಯ ನೀರಿನ ಪರಂಪರೆಗೆ ಸೇರಿದ ಈ ಕಾರಂಜಿಯ ಕೆಲಸವನ್ನು 1732ರಲ್ಲಿ ನಿಕೋಲಾ ಸಾಲ್ವಿ ಎಂಬ ವಾಸ್ತುಶಿಲ್ಪಿ ಆರಂಭಿಸಿ, ಮುಗಿಯುವ ಮೊದಲೇ ತೀರಿಕೊಂಡದ್ದರಿಂದ, 1762ರಲ್ಲಿ ಇತರರ ಕೈಯಲ್ಲಿ ಅದು ಪೂರ್ಣಗೊಂಡಿತು. ಮೂವತ್ತು ವರ್ಷಗಳ ಈ ಶ್ರಮಕ್ಕೆ ಪ್ರವಾಸಿ ಸಲ್ಲಿಸುವ ಗೌರವವೆಂದರೆ ಅದಕ್ಕೆ ಬೆನ್ನು ತಿರುಗಿಸಿ ನಿಂತು, ಬಲಗೈಯಿಂದ ಎಡಭುಜದ ಮೇಲೆ ಹಾಯಿಸಿ ನಾಣ್ಯವೊಂದನ್ನು ಹಿಂದಕ್ಕೆ ಎಸೆಯುವುದು. ಅಷ್ಟು ದೂರದಿಂದ ನೋಡಲೆಂದೇ ಬಂದವನು ನೋಡಬೇಕಾದುದಕ್ಕೆ ಬೆನ್ನು ತೋರಿಸುವುದೇಕೆಂಬುದು ಪೂರ್ವಪಕ್ಷ. ಸಾಕ್ಷಿಯು ಎದುರಿನಲ್ಲಿರುವುದರಿಂದ ಎಂಬುದು ಸಿದ್ಧಾಂತ.

ಇದರ ಫಲಶ್ರುತಿ ಇನ್ನೂ ಜಟಿಲವಾದುದು. ಒಂದು ನಾಣ್ಯ ಎಸೆದವನು ರೋಮಿಗೆ ಮರಳಿ ಬರುತ್ತಾನೆಂದು ಪ್ರತೀತಿ. ಎರಡು, ಮೂರು ನಾಣ್ಯಗಳಿಗೆ ಪ್ರೇಮ, ವಿವಾಹ ಮುಂತಾದ ಉಪಫಲಗಳೂ ಹೇಳಲ್ಪಟ್ಟಿದ್ದು, 1954ರಲ್ಲಿ ತೆರೆಕಂಡ ಹಾಲಿವುಡ್ ಚಿತ್ರವೊಂದು ಈ ನಾಣ್ಯಗಳ ಮಹಿಮೆಯನ್ನು ಲೋಕದಲ್ಲೆಲ್ಲ ಹಬ್ಬಿಸಿತು. ಭಾರತೀಯ ದರ್ಶನಗಳು ಮರಳಿ ಬಾರದಿರುವುದನ್ನೇ ಪರಮಪುರುಷಾರ್ಥವೆಂದು ಎಣಿಸಿದರೆ, ಟ್ರೆವಿ ದರ್ಶನವು ಮರಳಿ ಬರುವುದನ್ನೇ ಗುರಿಯಾಗಿಟ್ಟುಕೊಂಡಿದೆ. ಮರಳಿ ಬಂದವನು ಪುನಃ ಎಸೆಯುತ್ತಾನಾದ್ದರಿಂದ ಇದರಲ್ಲಿ ಮೋಕ್ಷಕ್ಕೆ ಅವಕಾಶವೇ ಇಲ್ಲ. ಇನ್ನು ಕೊಳದ ತಳದಿಂದ ಗುಡಿಸಿ ತೆಗೆದ ನಾಣ್ಯಗಳು, ವರ್ಷಕ್ಕೆ ಹತ್ತು ಲಕ್ಷ ಯೂರೋವನ್ನೂ ಮೀರಿ, ಕಾರಿತಾಸ್ ಎಂಬ ಕ್ಯಾಥೊಲಿಕ್ ಸೇವಾಸಂಸ್ಥೆಯ ಮೂಲಕ ನಿರ್ಗತಿಕರ ಊಟ ವಸತಿಗಳಿಗೆ ಸಲ್ಲುತ್ತವೆ. ಕರ್ಮ ಮಾಡಿದವನೊಬ್ಬ, ಕಣ್ಣಿಗೆ ಕಾಣುವ ಫಲವನ್ನು ಉಣ್ಣುವವನು ಇನ್ನೊಬ್ಬ ಎಂಬ ಈ ವ್ಯವಸ್ಥೆಗೆ ಮೀಮಾಂಸಕರು ಏನನ್ನುತ್ತಾರೋ ತಿಳಿಯದು. ಈ ಇಡೀ ಶಾಸ್ತ್ರದಲ್ಲಿ ಯಾರಿಗಾದರೂ ಖಚಿತವಾಗಿ ಹೊಟ್ಟೆ ತುಂಬುವ ಪ್ರಸಂಗ ಇದೊಂದೇ.

ಹಸ್ತನ್ಯಾಸವು ಸಾಂತಾ ಮರಿಯಾ ಇನ್ ಕಾಸ್ಮೆದಿನ್ ಇಗರ್ಜಿಯ ಮೊಗಸಾಲೆಯಲ್ಲಿ ಜರಗುತ್ತದೆ. ಅಲ್ಲಿ ನಿಲ್ಲಿಸಿರುವ ಅಮೃತಶಿಲೆಯ ದುಂಡು ಮುಖದ ಬಾಯೊಳಗೆ ಕೈಯಿಟ್ಟ ಸುಳ್ಳುಗಾರನ ಕೈಯನ್ನು ಅದು ಕಚ್ಚಿ ತುಂಡರಿಸುತ್ತದೆಂದು ಐತಿಹ್ಯ. ಈ ‘ಸತ್ಯದ ಬಾಯಿ’ಯು ಮೂಲತಃ ಪ್ರಾಚೀನ ರೋಮಿನ ಚರಂಡಿಯ ಮುಚ್ಚಳವಾಗಿದ್ದಿರಬಹುದೆಂದು ಕೆಲವು ವಿದ್ವಾಂಸರು ಊಹಿಸಿದ್ದಾರಾದರೂ ಅದರಿಂದ ಸತ್ಯಕ್ಕಾಗಲಿ ಸಾಲಿಗಾಗಲಿ ಕುಂದುಂಟಾಗಿಲ್ಲ. 1953ರ ‘ರೋಮನ್ ಹಾಲಿಡೇ’ ಚಿತ್ರದಲ್ಲಿ ಗ್ರೆಗರಿ ಪೆಕ್ ಕೈಯನ್ನು ಉಡುಪಿನ ತೋಳಿನೊಳಗೆ ಎಳೆದುಕೊಂಡು ಆಡ್ರಿ ಹೆಪ್‌ಬರ್ನ್ ಚೀರುವಂತೆ ಮಾಡಿದಂದಿನಿಂದ, ಕೈಯಿಟ್ಟವರೆಲ್ಲರೂ ಹೆದರಿದಂತೆ ಮುಖ ಮಾಡತಕ್ಕದ್ದೆಂಬ ನಿಯಮ ಸ್ಥಿರಪಟ್ಟಿದೆ. ಪ್ರಮಾಣಶಾಸ್ತ್ರದ ದೃಷ್ಟಿಯಿಂದ ಇಲ್ಲೊಂದು ದೋಷವುಂಟು: ಕೈಯಿಡುವವನನ್ನು ಯಾರೂ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ, ಅವನು ಯಾವ ಮಾತನ್ನೂ ಆಡುವುದಿಲ್ಲ. ನಿಜ ಸುಳ್ಳುಗಳನ್ನು ನಿರ್ಣಯಿಸಲು ವಾಕ್ಯವೇ ಇಲ್ಲದಿರುವಾಗ ಆ ಬಾಯಿ ಕಚ್ಚುವುದಾದರೂ ಯಾವ ಆಧಾರದ ಮೇಲೆ?

ಕಣ್ಣಿಗೆ ಈ ಶಾಸ್ತ್ರದಲ್ಲಿ ಸ್ಥಾನವೇ ಇಲ್ಲವೆಂದು ತಿಳಿಯಬಾರದು. ಒಂದು ಕಣ್ಣಿಗೆ ಇದೆ. ಅವೆಂಟಿನ್ ಗುಡ್ಡದ ಮೇಲೆ, ಪಿರಾನೇಸಿ 1765ರಲ್ಲಿ ರೂಪಿಸಿದ ಪುಟ್ಟ ಚೌಕದಲ್ಲಿ, ಮಾಲ್ಟಾ ವೀರಸಂಘದ ಮುಚ್ಚಿದ ಬಾಗಿಲಿನ ಬೀಗದ ಕಂಡಿಗೆ ಕಣ್ಣು ಹಚ್ಚಿದರೆ, ಕತ್ತರಿಸಿದ ಹಸಿರುಬೇಲಿಗಳ ನಡುವೆ ಸೇಂಟ್ ಪೀಟರ್ಸ್ ಬೆಸಿಲಿಕಾದ ಗುಮ್ಮಟ ಕಾಣಿಸುತ್ತದೆ. ಸುಮಾರು 136 ಮೀಟರ್ ಎತ್ತರದ ಆ ಗುಮ್ಮಟವನ್ನು ಊರಿನ ಎಷ್ಟೋ ಕಡೆಗಳಿಂದ ಎರಡೂ ಕಣ್ಣು ತೆರೆದು, ಪುಕ್ಕಟೆಯಾಗಿ, ಸಾಲಿನಲ್ಲಿ ನಿಲ್ಲದೆ ನೋಡಬಹುದಾಗಿರುವುದೇ ಇಲ್ಲಿ ಜನ ಸಾಲುಗಟ್ಟಲು ಕಾರಣವೆಂದು ಊಹಿಸಬೇಕಾಗುತ್ತದೆ. ಸುಲಭವಾಗಿ ದೊರಕುವುದರಲ್ಲಿ ಪುಣ್ಯವಿರುವುದಿಲ್ಲವಷ್ಟೆ. ತನ್ನದೆಂಬ ದೇಶವಿಲ್ಲದೆಯೂ ಪಾಸ್‌ಪೋರ್ಟ್ ಕೊಡುವ ಅಧಿಕಾರವುಳ್ಳ ಮಾಲ್ಟಾ ಸಂಘದ ತೋಟವನ್ನು ಹಾದು, ಇಟಲಿಯನ್ನು ದಾಟಿ, ವ್ಯಾಟಿಕನ್ನಿನಲ್ಲಿ ನೆಲೆಸುವ ಆ ನೋಟವು ಒಂದೇ ಎಟುಕಿಗೆ ಮೂರು ಸಾರ್ವಭೌಮತ್ವಗಳಲ್ಲಿ ಸಂಚರಿಸುತ್ತದೆ. ಬ್ಯಾಂಕಿನ ಲೆಕ್ಕಪಟ್ಟಿ, ಸಂಬಳದ ಚೀಟಿ, ಹೋಟೆಲಿನ ಬುಕಿಂಗ್, ಬೆರಳಚ್ಚುಗಳನ್ನೆಲ್ಲ ಒಪ್ಪಿಸಿ ಬೆಂಗಳೂರಿನಲ್ಲಿ ಷೆಂಗೆನ್ ವೀಸಾ ಪಡೆದು ಬಂದ ಯಜಮಾನನು ಕಣ್ಣಿಗಿರುವ ಈ ಸವಲತ್ತು ದೇಹದ ಉಳಿದ ಭಾಗಕ್ಕೇಕಿಲ್ಲವೆಂದು ಆಲೋಚಿಸುವಷ್ಟರಲ್ಲಿ ಹಿಂದಿನವರು ಕೆಮ್ಮುತ್ತಾರೆ.

ಕಂಠನ್ಯಾಸಕ್ಕೆ ಸಿಸ್ಟೀನ್ ಪ್ರಾರ್ಥನಾಲಯವೇ ಕ್ಷೇತ್ರ. 1508ರಿಂದ 1512ರವರೆಗೆ ಮೈಕೆಲೇಂಜೆಲೊ ಅದರ ಚಾವಣಿಯನ್ನು ಮಲಗಿ ಚಿತ್ರಿಸಿದನೆಂಬುದು ಜನಜನಿತ ತಪ್ಪುಕಲ್ಪನೆ. ಅವನು ಅಟ್ಟಣೆಯ ಮೇಲೆ ನಿಂತು, ತಲೆ ಹಿಂದಕ್ಕೆ ಬಾಗಿಸಿ ಚಿತ್ರಿಸಿದನು, ಮತ್ತು ಆಗ ತನ್ನ ಮೈಗೆ ಒದಗಿದ ದುರ್ಗತಿಯನ್ನು ಗೆಳೆಯನಿಗೆ ಪದ್ಯವೊಂದರಲ್ಲಿ ತೋಡಿಕೊಂಡನು. ಆ ನೋವನ್ನು ಕಾಲು ಗಂಟೆಯಲ್ಲಿ ಅನುಭವಿಸಿ ಮುಗಿಸುವ ಸಂಕ್ಷಿಪ್ತ ವಿಧಿ ಪ್ರವಾಸಿಗಳಿಗೆ ವಿಹಿತವಾಗಿದೆ. ಇಲ್ಲಿ ಫೋಟೋ ನಿಷಿದ್ಧವಾದ್ದರಿಂದ ಸಾಕ್ಷಿ ಇಲ್ಲ. ಸಾಕ್ಷಿ ಇಲ್ಲದ ಈ ಒಂದು ಕೋಣೆಯಲ್ಲಿ ಜನ ಬೇರೇನೂ ತೋಚದೆ ಚಿತ್ರಗಳನ್ನು ನೋಡುತ್ತಾರೆ.

ಇನ್ನುಳಿದ ಕಿರುನ್ಯಾಸಗಳಲ್ಲಿ, ಸೇಂಟ್ ಪೀಟರ್ಸ್ ಬೆಸಿಲಿಕಾದೊಳಗಿನ ಸೇಂಟ್ ಪೀಟರನ ಕಂಚಿನ ಮೂರ್ತಿಯ ಬಲಪಾದವು ಶತಮಾನಗಳ ಮುಟ್ಟುವಿಕೆಯಿಂದ ಬೆರಳುಗಳ ಗುರುತೇ ಅಳಿಯುವಷ್ಟು ಸವೆದಿರುವುದನ್ನೂ, 1874ರಿಂದ ಬೀದಿಗಳಲ್ಲಿರುವ ‘ನಾಸೋನೆ’ ಎಂಬ ಎರಕದ ಕಬ್ಬಿಣದ ನಲ್ಲಿಯ ಮೂತಿಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ಕಿಂಡಿಯಿಂದ ನೀರು ಚಿಮ್ಮಿ ಕುಡಿಯುವವನ ಮೂಗಿಗೆ ಪ್ರೋಕ್ಷಣೆಯಾಗುವುದನ್ನೂ ಇಲ್ಲಿ ಹೆಸರಿಸಿದರೆ ಸಾಕು.

ಆಸನಪ್ರಕರಣವು ವಿವಾದಾಸ್ಪದವಾದುದು. ಫ್ರೆಂಚರ ಹಣದಿಂದ 1723 ಮತ್ತು 1725ರ ನಡುವೆ ಕಟ್ಟಲ್ಪಟ್ಟು, ನೆರೆಯಲ್ಲಿದ್ದ ರಾಯಭಾರ ಕಚೇರಿಯ ದೆಸೆಯಿಂದ ಸ್ಪೇನಿನ ಹೆಸರು ಹೊತ್ತ ಮೆಟ್ಟಿಲುಗಳ ಮೇಲೆ ಕುಳಿತುಕೊಳ್ಳುವುದು ಬಹುಕಾಲ ನಡೆದುಬಂದ ಆಚಾರವಾಗಿತ್ತು. ಮೇಲೆ ಹೇಳಿದ ‘ರೋಮನ್ ಹಾಲಿಡೇ’ ಚಿತ್ರದಲ್ಲಿ ಹೆಪ್‌ಬರ್ನ್ ನಟಿಸಿದ ರಾಜಕುಮಾರಿ ಐಸ್‌ಕ್ರೀಮ್ ತಿಂದದ್ದೂ ಅಲ್ಲಿಯೇ. 2019ರಲ್ಲಿ ನಗರಾಡಳಿತ ಇದನ್ನು ನಿಷೇಧಿಸಿ, ಕುಳಿತವರಿಗೆ ದಂಡ ವಿಧಿಸತೊಡಗಿದ ಮೇಲೆ ಅಲ್ಲಿ ಪಾದಗಳಿಗೆ ಮಾತ್ರ ಅಧಿಕಾರ ಉಳಿದಿದೆ. ಅತ್ತ ಲ್ಯಾಟರನ್ ಬೆಸಿಲಿಕಾದ ಸಮೀಪದ ‘ಪವಿತ್ರ ಸೋಪಾನ’ದ 28 ಮೆಟ್ಟಿಲುಗಳನ್ನು ಮೊಣಕಾಲೂರಿಯೇ ಏರತಕ್ಕದ್ದು, ಅಲ್ಲಿ ಪಾದಗಳಿಗೆ ಅಧಿಕಾರವಿಲ್ಲ. ಒಂದೇ ಊರಿನ ಎರಡು ಮೆಟ್ಟಿಲುಗಳಿಗೆ ಎರಡು ಧರ್ಮಗಳು ವಿಹಿತವಾಗಿರುವಾಗ, ಸೊಂಟದ ಹಿಂಭಾಗವನ್ನು ಊರಲು ರೋಮಿನಲ್ಲಿ ಉಳಿಯುವ ನಿರಾತಂಕ ಸ್ಥಳವೆಂದರೆ ಹೋಟೆಲೊಂದೇ, ಅದರಲ್ಲೂ ಬಾಗಿಲ ಹೊರಗಿನ ಕುರ್ಚಿಗಳಿಗೆ ಕಾಫಿಯ ಬೆಲೆ ಬೇರೆ.

ಯಜ್ಞದ ಕೊನೆಗೆ ಅವಭೃಥಸ್ನಾನವೆಂಬ ಮಂಗಳಸ್ನಾನವಿರುವಂತೆ ಈ ಕರ್ಮಕ್ಕೂ ಒಂದುಂಟು. ಇಟಲಿಯಲ್ಲಿ 1975ರ ಸರಕಾರೀ ಆದೇಶದ ಪ್ರಕಾರ ಪ್ರತಿ ಮನೆಯಲ್ಲೂ ಬಿಡೆ ಎಂಬ ತಗ್ಗು ಪಿಂಗಾಣಿ ತೊಟ್ಟಿ ಇರಲೇಬೇಕಾಗಿದ್ದು, ತಂಗುಮನೆಗಳ ಬಚ್ಚಲುಗಳಲ್ಲೂ ಅದು ಸಾಮಾನ್ಯವಾಗಿದೆ. ಶೌಚಕ್ಕೆಂದು ವಿಹಿತವಾದ ಈ ಪಾತ್ರೆಯ ಎತ್ತರವೂ ಆಳವೂ ಬಸಾಲ್ಟ್ ಕಲ್ಲುಹಾಸಿನ ಮೇಲೆ ದಿನವಿಡೀ ನಡೆದು ಊದಿದ ಎರಡು ಪಾದಗಳಿಗೆ ಹೇಳಿ ಮಾಡಿಸಿದಂತಿರುವುದರಿಂದ, ಬಿಸಿನೀರು ತುಂಬಿ ಅದರಲ್ಲಿ ಕಾಲಿಳಿಬಿಟ್ಟು ಕೂರುವ ಪಾದನ್ಯಾಸವನ್ನು ಪ್ರವಾಸಿಗಳು ಸ್ವಬುದ್ಧಿಯಿಂದಲೇ ಕಂಡುಕೊಂಡಿದ್ದಾರೆ. ಈ ನ್ಯಾಸಕ್ಕೆ ಮಾತ್ರ ಸಾಕ್ಷಿಯನ್ನು ಕರೆದವರಿಲ್ಲ.