ಬಿದ್ದ ಮ್ಯಾಲ ಹತ್ತೂದು ಕಲೀಲಿ

"ನಮ್ಮ ಹುಡುಗ ಗೆಳ್ಯಾರ ಜೋಡಿ ಮುರುಡೇಶ್ವರಕ್ಕ ಹೊಂಟಾನ್ರಿ. ಸಮುದ್ರದಾಗ ಅದೇನೋ ಜೆಟ್ ಸ್ಕೀ ಅಂತ, ಅದನ್ನ ಓಡಸ್ತಾನಂತ. ಕಳಸ್ಲ್ಯೋ ಬ್ಯಾಡೋ?"

ಹೀರೇಬಳ್ಳಿ ಹಬ್ಬಿದ ಬೇಲಿಯ ಆಚೆಯಿಂದ ಪಕ್ಕದ ಮನೆ ಅಕ್ಕಾರು ಕೇಳಿದರು. ನಮ್ಮ ತಡಸದಿಂದ ಮುಂಡಗೋಡ ದಾಟಿ, ಶಿರಸಿ ಹಿಡಿದು ಘಟ್ಟ ಇಳಿದರೆ ಕಡಲು. ರಜೆ ಬಂತೆಂದರೆ ಶಿಗ್ಗಾವಿ, ಹಾನಗಲ್ಲ ಕಡೆಯ ಹುಡುಗರು ಆ ದಾರಿ ಹಿಡಿಯುತ್ತಾರೆ. ತಡೆದರೆ ನಿಲ್ಲುವ ವಯಸ್ಸಲ್ಲ, ತಡೆಯಲೂಬಾರದು.

"ಕಳಸ್ರಿ ಅಕ್ಕಾರ. ಆದ್ರ ಒಂದು ಮಾತು ಕೇಳಿ ಕಳಸ್ರಿ. ನಡುನೀರಾಗ ಬಿದ್ರ ತಿರುಗಿ ಅದರ ಮ್ಯಾಲ ಹೆಂಗ ಹತ್ತತೀಯೋ ತಮ್ಮಾ, ಅಂತ."

"ಅದರ ಮ್ಯಾಲಿಂದ ಬೀಳತಾರೇನ್ರಿ?"

ಬೀಳುತ್ತಾರೆ. ಗೋವಾದ ಕಡಲ ದಂಡೆಯಲ್ಲಿ ಜೆಟ್ ಸ್ಕೀ ಓಡಿಸುವ ಕೆಲಸಕ್ಕಿರುವ ನನ್ನ ತಂಗಿಯ ಮಗ ನನಗೆ ಮೊದಲು ಕಲಿಸಿದ್ದೇ ಅದನ್ನು. ಓಡಿಸುವ ಮಾತನ್ನೇ ಎತ್ತದೆ ಆಳದ ನೀರಿಗೆ ಕರಕೊಂಡು ಹೋಗಿ, "ಮಾಮಾ, ಕೆಳಗ ಇಳೀರಿ. ಈಗ ಇಲ್ಲಿಂದ ಹತ್ರಿ" ಎಂದ. ದಂಡೆಯ ಹತ್ತಿರ, ಕಾಲು ನೆಲಕ್ಕೆ ಹತ್ತುವಲ್ಲಿ ಕಲಿತರಾಗದೇ ಎಂದು ಕೇಳಿದ್ದಕ್ಕೆ ಅವನು ಗಾಡಿಯ ಹೊಟ್ಟೆ ತೋರಿಸಿದ. ಇದಕ್ಕೆ ದೋಣಿಯ ಮೋಟರಿಗಿರುವಂತೆ ಹೊರಗೆ ಕಾಣುವ ಪಂಕಾ ಇಲ್ಲ. ಕೆಳಗಿನ ಜಾಳಿಗೆಯಿಂದ ನೀರು ಹೀರಿಕೊಂಡು, ಒಳಗಿನ ಚಕ್ರ ಅದನ್ನು ಒತ್ತಿ, ಹಿಂದಿನ ಕೊಳವೆಯಿಂದ ರಭಸವಾಗಿ ಚಿಮ್ಮಿಸುತ್ತದೆ. ಆ ಚಿಮ್ಮುವ ನೀರಿನ ಬಲದಿಂದಲೇ ಗಾಡಿ ಮುಂದೆ ಓಡುತ್ತದೆ. ಸೊಂಟಮಟ್ಟ ನೀರಾದರೂ ಇಲ್ಲದಲ್ಲಿ ಚಾಲೂ ಮಾಡಿದರೆ ಉಸುಕು, ಹರಳು ಒಳಗೆ ಸೇರಿ ಚಕ್ರ ಕೆಡುತ್ತದೆ. ಜಾಳಿಗೆಯ ಹತ್ತಿರ ಉದ್ದ ಜಡೆ, ವೇಲು, ಹಗ್ಗದ ತುದಿ ಹೋದರೂ ಅದು ಎಳೆದುಕೊಳ್ಳುತ್ತದೆ.

ಈ ಗಾಡಿಯಲ್ಲಿ ಎರಡು ನಮೂನೆ. ನಿಂತು ಓಡಿಸುವುದು ಒಂದು, ಕೂತು ಓಡಿಸುವುದು ಇನ್ನೊಂದು. ನಿಲ್ಲುವ ಗಾಡಿಯ ಹಿಂದೆ ಅಮೆರಿಕದ ಕ್ಲೇಟನ್ ಜೇಕಬ್ಸನ್ ಎಂಬಾತನ ತಲೆಯಿದೆ. ಆತ ಮೋಟರ್‌ಸೈಕಲ್ ಪಂದ್ಯದ ಸವಾರ. ಮಣ್ಣಿನ ಮೇಲೆ ಬಿದ್ದು ಮೈ ತರಚಿಕೊಳ್ಳುವವನಿಗೆ ನೀರಿನ ಮೇಲೆ ಬೀಳುವಂಥ ಗಾಡಿ ಬೇಕೆನ್ನಿಸಿದ್ದು ಸಹಜ. 1960ರ ದಶಕದಲ್ಲಿ ಅವನು ಕಟ್ಟಲು ತೊಡಗಿದ ಆ ಗಾಡಿಯನ್ನು 1973ರ ಹೊತ್ತಿಗೆ ಕವಾಸಾಕಿ ಕಂಪನಿ ಮಾರುಕಟ್ಟೆಗೆ ತಂದಿತು. ಮಲ್ಪೆ, ಪಣಂಬೂರು, ಮುರುಡೇಶ್ವರದ ದಂಡೆಗಳಲ್ಲಿ ನಮ್ಮ ಹುಡುಗರಿಗೆ ಸಿಗುವುದು ಕೂತು ಓಡಿಸುವ ದೊಡ್ಡ ಗಾಡಿ, ಜೊತೆಗೆ ಕಂಪನಿಯವನೊಬ್ಬ.

ಆಳದ ನೀರಿನಿಂದ ಹತ್ತುವ ವಿದ್ಯೆ ತಿಳಿಯಬೇಕಾದರೆ ನಿಲ್ಲುವ ಗಾಡಿಯನ್ನೇ ನೋಡಬೇಕು. ಅದು ಸುಮ್ಮನೆ ತೇಲುತ್ತಿರುವಾಗ ನಮ್ಮ ಭಾರ ತಡೆಯದು, ಮೇಲೆ ನಿಂತರೆ ಹೊರಳಿಬಿಡುತ್ತದೆ. ಓಟ ಹಿಡಿದ ಮೇಲೆಯೇ ನೀರು ಅದನ್ನು ಎತ್ತಿ ಹಿಡಿಯುವುದು. ಹೀಗಾಗಿ ಓಡಿಸುತ್ತಲೇ ಹತ್ತಬೇಕು.

"ಅಯ್ಯ, ತೋಳಾಗ ಭಾಳ ಕಸುವು ಬೇಕು ಬಿಡ್ರಿ" ಎಂದರು ಅಕ್ಕಾರು.

"ಬ್ಯಾಡ್ರಿ. ನೀವು ಸಣ್ಣವರಿದ್ದಾಗ ಬಾವ್ಯಾಗ ಈಸೀರಲ್ಲ?"

"ಬೆನ್ನಿಗೆ ಡಬ್ಬಿ ಕಟಗೊಂಡು ಈಸೀವಿ."

"ಮ್ಯಾಲ ಹೆಂಗ ಬರತಿದ್ರಿ? ಪಾವಟಿಗಿ ಹಿಡದು ತೋಳಿನ ಮ್ಯಾಲ ಜಗ್ಗಿದ್ರ ಮೈ ಏಳತಿತ್ತೇನು? ಕಾಲು ಬಡದು, ಮೈ ನೀರಿನ ಮ್ಯಾಲ ಉದ್ದಕ ಬಂದಮ್ಯಾಲ ಎದಿ ಕಲ್ಲಿಗೆ ಹಚ್ಚಿ, ಮೊಣಕಾಲು ಹಾಕಿ ಹತ್ತತಿದ್ರಿ. ಇದೂ ಹಂಗ."

ಮಿಕ್ಕದ್ದು ಸರಾಗ. ಮೊದಲು ಗಾಡಿಯ ಹಿಂಬದಿಗೆ ಬರಬೇಕು, ಪಕ್ಕದಿಂದ ಹತ್ತಲು ಹೋದರೆ ಅದು ನಮ್ಮ ಮೇಲೆಯೇ ಮಗುಚುತ್ತದೆ. ಮಣಿಕಟ್ಟಿಗೆ ಒಂದು ಸುರುಳಿ ದಾರ ಕಟ್ಟಿರುತ್ತಾರೆ, ಬಿದ್ದಾಗ ಅದು ಗಾಡಿಯಿಂದ ಕಿತ್ತುಬಂದು ಎಂಜಿನ್ ತಾನೇ ನಿಲ್ಲುತ್ತದೆ. ಅದನ್ನು ಮತ್ತೆ ಸಿಕ್ಕಿಸಿ ಗುಂಡಿ ಒತ್ತಬೇಕು. ಮೈಯನ್ನು ಗಾಡಿಯ ಹಿಂದೆ ಉದ್ದಕ್ಕೆ ತೇಲಬಿಟ್ಟು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಅಂಚು ಹಿಡಿದು ಎದೆಯನ್ನು ಹಿಂದಿನ ತಟ್ಟೆಯ ಮೇಲೆ ತರಬೇಕು. ಆಗ ಸ್ವಲ್ಪ, ಸ್ವಲ್ಪವೇ ಎಕ್ಸಲೇಟರ್. ಗಾಡಿ ಹೊರಟಿತೆಂದರೆ ಅದೇ ನಮ್ಮನ್ನು ನೀರಿನಿಂದ ಎಳೆದುಕೊಳ್ಳುತ್ತದೆ. ಒಂದು ಮೊಣಕಾಲು, ಇನ್ನೊಂದು ಮೊಣಕಾಲು, ಆಮೇಲೆ ಒಂದು ಪಾದ. ಪೂರ್ತಿ ಎದ್ದು ನಿಲ್ಲುವ ಅವಸರ ಬೇಡ. ಹೊಸಬರು ಸೋಲುವುದು ಎರಡೇ ಕಡೆ. ಗಾಬರಿಗೆ ಎಕ್ಸಲೇಟರ್ ಪೂರ್ತಿ ಒತ್ತುತ್ತಾರೆ, ಗಾಡಿ ಕೈ ಜಾರಿಸಿ ಹೋಗುತ್ತದೆ. ಇಲ್ಲವೇ ಹ್ಯಾಂಡಲ್ಲಿಗೆ ಜೋತುಬೀಳುತ್ತಾರೆ, ಮುಂಭಾಗ ಮೇಲೆದ್ದು ಹಿಂಭಾಗ ಮುಳುಗುತ್ತದೆ. ಭಾರ ಮುಂದಿರಬೇಕು, ಕೈ ಹಗುರ ಇರಬೇಕು.

ಕೂತು ಓಡಿಸುವ ಗಾಡಿಗೆ ಇಷ್ಟೆಲ್ಲ ಇಲ್ಲ. ಎಂಜಿನ್ ಬಂದ್ ಇರುವಾಗಲೇ ಹಿಂದಿನಿಂದ ಹತ್ತಿ, ಮೊಣಕಾಲೂರಿ, ಸೀಟಿಗೆ ಬಂದು ಕೂತ ಮೇಲೆ ಚಾಲೂ ಮಾಡಬೇಕು. ಗಾಡಿ ಬುಡಮೇಲಾಗಿದ್ದರೆ ಯಾವ ಕಡೆಗೆ ಹೊರಳಿಸಬೇಕೆಂದು ಹಿಂಬದಿಯಲ್ಲೇ ಬಾಣದ ಗುರುತು ಇರುತ್ತದೆ. ತಪ್ಪು ದಿಕ್ಕಿಗೆ ಹೊರಳಿಸಿದರೆ ನೀರು ಎಂಜಿನ್ನಿಗೆ ಇಳಿಯುತ್ತದೆ.

"ಎದುರಿಗೆ ಯಾರರ ಬಂದ್ರ ಕೈ ಬಿಟ್ರ ಆತಲ್ರಿ, ನಿಂದರತೈತಿ."

ಇಲ್ಲಿ ನಾನು ಬೇಲಿಗೆ ಇನ್ನಷ್ಟು ಹತ್ತಿರ ಸರಿದೆ, ಏಕೆಂದರೆ ಇದು ಮಗನ ಕಿವಿಗೆ ಬೀಳಲೇಬೇಕಾದ ಮಾತು. ಎಕ್ಸಲೇಟರ್ ಬಿಟ್ಟರೆ ಈ ಗಾಡಿ ತಿರುಗುವುದಿಲ್ಲ. ತಿರುಗಿಸುವುದು ಹಿಂದಿನಿಂದ ಚಿಮ್ಮುವ ನೀರು. ಅದು ನಿಂತರೆ ಹ್ಯಾಂಡಲ್ ಎತ್ತ ಹೊರಳಿಸಿದರೂ ಗಾಡಿ ಬಂದ ರಭಸದಲ್ಲೇ ನೆಟ್ಟಗೆ ಹೋಗುತ್ತದೆ. ಹೆದರಿದ ಕೈ ತಾನಾಗಿ ಬಿಡುತ್ತದೆ, ಢಿಕ್ಕಿಯೂ ಆಗಲೇ. ಇನ್ನೊಂದು, ಎಂಜಿನ್ ಚಾಲೂ ಇದ್ದಾಗ ಆ ಕೊಳವೆಯ ನೇರಕ್ಕೆ ಯಾರೂ ಇರಬಾರದು. ಚಿಮ್ಮುವ ನೀರಿನ ಹೊಡೆತಕ್ಕೆ ಒಳಗಿನ ಅಂಗಾಂಗಗಳಿಗೇ ಗಾಯವಾಗುತ್ತದೆ.

"ನಮ್ಮ ಕೆರ್ಯಾಗ ಒಂದು ಗಾಡಿ ತಂದಿಟ್ರ ಹುಡುಗರು ಇಲ್ಲೇ ಕಲೀತಿದ್ರು" ಎಂದರು ಅಕ್ಕಾರು. ನನಗೆ ಒಪ್ಪಿಗೆಯಿಲ್ಲ. ನಮ್ಮ ಕೆರೆಗಳ ಅಂತರಗಂಗೆ, ಜೊಂಡು ಜಾಳಿಗೆಗೆ ಸಿಕ್ಕರೆ ಗಾಡಿ ಅಲ್ಲೇ ಉಸಿರು ಕಟ್ಟುತ್ತದೆ. ಹೂಳಿನ ತಳವಂತೂ ಸರಿಯೇ ಅಲ್ಲ. ಪಕ್ಕದ ಮುಂಡಗೋಡ ತಾಲ್ಲೂಕಿನ ಅತ್ತಿವೇರಿಯಲ್ಲಿ ಹಕ್ಕಿಗಳು ನೀರನ್ನು ನಂಬಿ ಬರುತ್ತವೆ. ಅಂಥ ನೀರಿನ ಮೇಲೆ ಈ ಸದ್ದು ಎಂದೂ ಬೇಡ. ಕೆರೆ, ಬಾವಿಯಲ್ಲಿ ಹುಡುಗರು ಕಲಿಯಬೇಕಾದ್ದು ಈಸು. ಅದನ್ನೇ ಈಗ ಬಿಡುತ್ತಿದ್ದೇವೆ ಎಂಬುದು ನನ್ನ ದೊಡ್ಡ ಸಂಕಟ.

2024ರ ಡಿಸೆಂಬರಿನಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಇದೇ ಮುರುಡೇಶ್ವರದ ಕಡಲಿನಲ್ಲಿ ತೀರಿಕೊಂಡರು. ಅವರು ಯಾವ ಗಾಡಿಯನ್ನೂ ಹತ್ತಿರಲಿಲ್ಲ, ನೀರಿಗೆ ಇಳಿದಿದ್ದರಷ್ಟೆ. ಬಯಲುಸೀಮೆಯ ಮಕ್ಕಳಿಗೆ ಕಡಲು ಗೊತ್ತಿಲ್ಲ. ಗೊತ್ತು ಮಾಡಿಸುವುದು ಹಿರಿಯರ ಕೆಲಸ.

ಅಕ್ಕಾರ, ನಿಮ್ಮ ಮಗನಿಗೆ ಇಷ್ಟು ಹೇಳಿ ಕಳಸ್ರಿ. ಲೈಫ್ ಜಾಕೆಟ್ಟಿನ ಗುಂಡಿ, ಪಟ್ಟಿ ಎಲ್ಲಾ ಬಿಗಿಯಾಗಿ ಹಾಕ್ಕೊಳ್ಳಲಿ. ಮಣಿಕಟ್ಟಿಗೆ ದಾರ ಕಟ್ಟದ ಗಾಡಿ ಹತ್ತೂದು ಬ್ಯಾಡ. ರೊಕ್ಕ ಕೊಡೂಕಿಂತ ಮೊದಲ, "ಬಿದ್ರ ಹೆಂಗ ಹತ್ತಬೇಕು, ಒಮ್ಮೆ ತೋರಸ್ರಿ" ಅಂತ ಕೇಳಲಿ. ತೋರಸೂದಿಲ್ಲ ಅಂದವರ ಗಾಡಿ ಬ್ಯಾಡ, ಮುಂದಿನವರ ಹತ್ರ ಹೋಗಲಿ.